ಅಣಬೆ ರಿಸೊಟ್ಟೊಗೆ ಕ್ರೀಮ್ ಏಕೆ ಬೇಡ

ಬೆಂಗಳೂರು, ಮೈಸೂರು, ಮಂಗಳೂರಿನ ಕೆಫೆಗಳ ಮೆನುವಿನಲ್ಲಿ 'ಕ್ರೀಮಿ ಮಶ್ರೂಮ್ ರಿಸೊಟ್ಟೊ' ಎಂಬ ಹೆಸರು ಈಗ ಅಪರೂಪವಲ್ಲ. ತಿಂದು ರುಚಿ ಹತ್ತಿ, ಮನೆಯಲ್ಲೂ ಮಾಡಿ ನೋಡೋಣ ಎಂದು ಹೊರಟವರು ಮೊದಲು ಕೊಳ್ಳುವುದು ಫ್ರೆಶ್ ಕ್ರೀಮಿನ ಪೊಟ್ಟಣ. ಹೆಸರಿನಲ್ಲೇ ಕ್ರೀಮ್ ಇರುವಾಗ ಹಾಗೆ ತಿಳಿಯುವುದು ಸಹಜ. ಆದರೆ ಈ ಅಡುಗೆ ಹುಟ್ಟಿ ಬೆಳೆದ ಉತ್ತರ ಇಟಲಿಯ ಮನೆಗಳಲ್ಲಿ ಅಣಬೆ ರಿಸೊಟ್ಟೊಗೆ ಸಾಮಾನ್ಯವಾಗಿ ಕ್ರೀಮ್ ಬೀಳುವುದಿಲ್ಲ. ಆ ನುಣುಪೆಲ್ಲ ಅಕ್ಕಿಯದು. ಅಕ್ಕಿ ಬಿಟ್ಟುಕೊಟ್ಟ ಪಿಷ್ಟ, ತರಕಾರಿ ಅಥವಾ ಮಾಂಸ ಬೇಯಿಸಿ ಸೋಸಿದ ಸ್ಟಾಕ್, ಕೊನೆಗೆ ಸೇರುವ ಬೆಣ್ಣೆ ಮತ್ತು ಚೀಸ್ ಇಷ್ಟೇ ಅದರ ಬಂಡವಾಳ.

ಈ ಒಂದು ಸಂಗತಿ ಮನಸ್ಸಿಗೆ ಹೊಕ್ಕರೆ ಸಾಕು, ರಿಸೊಟ್ಟೊ ಸುತ್ತ ಹೆಣೆದುಕೊಂಡಿರುವ ಕಟ್ಟುಪಾಡುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಯಾರು ಬೇಕಾದರೂ ಒರೆ ಹಚ್ಚಿ ನೋಡಬಹುದು. ಅಕ್ಕಿಯನ್ನೇ ಉಂಡು ಬೆಳೆದ ನಮಗೆ ಇದು ಕಷ್ಟದ ಅಡುಗೆಯಲ್ಲವೇ ಅಲ್ಲ. ಕಷ್ಟ ಎಂಬ ಭಯವೇ ಇದರ ಮೊದಲ ತಪ್ಪು ಕಲ್ಪನೆ.

"ಕ್ರೀಮ್ ಹಾಕದಿದ್ದರೆ ನುಣುಪು ಬರುವುದಿಲ್ಲ"

ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ. ಅಮೈಲೋಸ್ ಎಂಬುದು ನೀಳವಾದ ಸರಪಳಿ. ಅದು ಹೆಚ್ಚಿದ್ದಷ್ಟೂ ಅನ್ನ ಉದುರುದುರಾಗಿ, ಅಗುಳು ಗಟ್ಟಿಯಾಗಿ ನಿಲ್ಲುತ್ತದೆ. ಅಮೈಲೋಪೆಕ್ಟಿನ್ ಕವಲೊಡೆದ ಸರಪಳಿ. ಬೇಯುವಾಗ ಇದು ನೀರು ಕುಡಿದು ಉಬ್ಬಿ, ಕಾಳಿನ ಮೇಲ್ಮೈಯಿಂದ ಕಳಚಿಕೊಂಡು ಸುತ್ತಲಿನ ದ್ರವವನ್ನು ಮಂದವಾಗಿಸುತ್ತದೆ. ರಿಸೊಟ್ಟೊಗೆ ಆರಿಸುವ ಅಕ್ಕಿಗಳ ಹೊರಪದರ ಹೀಗೆ ಧಾರಾಳವಾಗಿ ಬಿಟ್ಟುಕೊಡುತ್ತದೆ, ಒಳತಿರುಳು ಮಾತ್ರ ಅಷ್ಟು ಬೇಗ ಕರಗುವುದಿಲ್ಲ.

ಇನ್ನುಳಿದದ್ದು ಕೊನೆಯ ಎರಡು ನಿಮಿಷದ ಕೆಲಸ. ಇಟಲಿಯವರು ಅದನ್ನು ಮಾಂತೆಕಾತೂರಾ ಎನ್ನುತ್ತಾರೆ. ಅಗುಳು ಇನ್ನೇನು ಬೆಂದಿತು ಎನ್ನುವಾಗ ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಬೇಕು. ಕುದಿ ನಿಂತು ಅರ್ಧ ನಿಮಿಷ ಕಳೆದ ಮೇಲೆ, ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆಯ ತುಂಡುಗಳನ್ನು ಹಾಕಿ ಮರದ ಸೌಟಿನಿಂದ ಬಿರುಸಾಗಿ ತಿರುವಬೇಕು, ಜೊತೆಗೆ ಬಾಣಲೆಯನ್ನೂ ಕುಲುಕಬೇಕು. ನೀರು ಬೇರೆ, ಅಗುಳು ಬೇರೆ ಎಂಬಂತಿದ್ದುದು ಆಗ ಕಣ್ಣೆದುರೇ ಒಂದಾಗುತ್ತದೆ. ಮೊದಲು ಮೇಲೆ ಹೊಳೆಯುವ ಜಿಡ್ಡಿನ ಚುಕ್ಕೆಗಳು ಕಾಣುತ್ತವೆ, ಹತ್ತಿಪ್ಪತ್ತು ಸುತ್ತಿಗೆ ಅವು ಮಾಯವಾಗುತ್ತವೆ, ಪಾರದರ್ಶಕವಾಗಿದ್ದ ರಸ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಪಿಷ್ಟ ಬೆರೆತ ನೀರು ಬೆಣ್ಣೆಯ ಜಿಡ್ಡನ್ನು ಸೂಕ್ಷ್ಮ ಹನಿಗಳಾಗಿ ಒಡೆದು ಹಿಡಿದಿಟ್ಟುಕೊಂಡಿದ್ದರ ಗುರುತು ಅದು. ಬಳಿಕ ತುರಿದ ಚೀಸ್. ಉರಿಯ ಮೇಲೆಯೇ ಚೀಸ್ ಹಾಕಿದರೆ ಅದರ ಪ್ರೋಟೀನು ಗಂಟುಕಟ್ಟಿ ಎಳೆಎಳೆಯಾಗುತ್ತದೆ, ಜಿಡ್ಡು ಬೇರೆಯಾಗಿ ಮೇಲೆ ತೇಲುತ್ತದೆ. ಒಲೆಯಿಂದ ಇಳಿಸುವುದು ಅದಕ್ಕಾಗಿಯೇ.

ಕ್ರೀಮ್ ಹಾಕಿದರೆ ಕೆಡುವುದೇನು? ತಿನ್ನಲಾಗದಷ್ಟು ಕೆಡುವುದಿಲ್ಲ, ನಿಜ. 1980ರ ದಶಕದಲ್ಲಿ ಇಟಲಿಯ ರೆಸ್ಟೊರೆಂಟುಗಳಲ್ಲೇ ಪಾಸ್ತಾಗೂ ಅನ್ನಕ್ಕೂ ಕ್ರೀಮ್ ಸುರಿಯುವ ಗೀಳು ಹಬ್ಬಿತ್ತು. ಆದರೆ ಹಾಲಿನ ಜಿಡ್ಡು ನಾಲಿಗೆಯ ಮೇಲೆ ದಪ್ಪಗೆ ಹರಡಿ, ಅಣಬೆಯ ಮಣ್ಣಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ಅಣಬೆಗಾಗಿ ಮಾಡುವ ಅಡುಗೆಯಲ್ಲಿ ಅಣಬೆಯೇ ಕಾಣೆಯಾದರೆ ಮಾಡಿ ಫಲವೇನು? ಅದೂ ಅಲ್ಲದೆ, ಬೇಯಿಸುವಾಗ ಆದ ತಪ್ಪನ್ನು ಕ್ರೀಮ್ ಮರೆಮಾಚುತ್ತದೆ. ಅಡುಗೆ ಕಲಿಯುವ ಹಂತದಲ್ಲಿ ಅದು ದೊಡ್ಡ ನಷ್ಟ.

"ಅರ್ಬೋರಿಯೊ ಅಕ್ಕಿಯೇ ಆಗಬೇಕು" ಮತ್ತು "ಯಾವ ಅಕ್ಕಿಯಾದರೂ ನಡೆಯುತ್ತದೆ"

ಎರಡೂ ಪೂರ್ತಿ ನಿಜವಲ್ಲ. ಇಟಲಿಯ ಭತ್ತ ಬೆಳೆಯುವುದು ಹೆಚ್ಚಾಗಿ ಆಲ್ಪ್ಸ್ ಪರ್ವತಗಳ ಕೆಳಗಿನ ಪೊ ನದಿಯ ಬಯಲಿನಲ್ಲಿ. ವೆರ್ಚೆಲ್ಲಿ, ನೊವಾರಾ, ಪಾವಿಯಾ ಸುತ್ತಮುತ್ತಲಿನ ಆ ಗದ್ದೆಗಳ ಚಿತ್ರ ನೋಡಿದರೆ ಗಂಗಾವತಿಯ ಕಡೆಯ ಗದ್ದೆಗಳ ನೆನಪಾದೀತು. 1475ರಲ್ಲಿ ಮಿಲಾನಿನ ಡ್ಯೂಕ್ ಗಾಲಿಯಾಜೊ ಮರಿಯಾ ಸ್ಫೋರ್ಜಾ ಫೆರಾರಾದ ಡ್ಯೂಕನಿಗೆ ಅಕ್ಕಿಯ ಮೂಟೆಗಳನ್ನು ಕಳಿಸುವ ಬಗ್ಗೆ ಬರೆದ ಪತ್ರ ಅಲ್ಲಿನ ಭತ್ತದ ಬೇಸಾಯಕ್ಕೆ ಹಳೆಯ ಸಾಕ್ಷಿ. 1866ರಲ್ಲಿ ಮುಗಿದ ಕಾವೂರ್ ಕಾಲುವೆ ಪೊ ನದಿಯ ನೀರನ್ನು ಇನ್ನಷ್ಟು ಗದ್ದೆಗಳಿಗೆ ಹಾಯಿಸಿತು. ಇಂದು ಯುರೋಪಿಯನ್ ಒಕ್ಕೂಟದಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ದೇಶ ಇಟಲಿಯೇ.

ಅಲ್ಲಿನ ತಳಿಗಳಲ್ಲಿ ಅರ್ಬೋರಿಯೊ ಒಂದು, ಅಷ್ಟೇ. 1946ರಲ್ಲಿ ರೂಪುಗೊಂಡ ಈ ತಳಿಗೆ ವೆರ್ಚೆಲ್ಲಿ ಪ್ರಾಂತದ ಒಂದು ಊರಿನ ಹೆಸರಿದೆ. ಕಾಳು ದಪ್ಪ, ನಡುವೆ ಸುಣ್ಣದಂಥ ಬಿಳಿ ಮಚ್ಚೆ. ಪಿಷ್ಟವನ್ನು ಬೇಗ ಬಿಡುತ್ತದೆ, ಹಾಗೆಯೇ ಒಂದೆರಡು ನಿಮಿಷ ಹೆಚ್ಚಾದರೆ ಬೇಗ ಮೆತ್ತಗೂ ಆಗುತ್ತದೆ. ಅದಕ್ಕಿಂತ ಒಂದು ವರ್ಷ ಹಿರಿಯದಾದ ಕಾರ್ನರೋಲಿಯಲ್ಲಿ ಅಮೈಲೋಸ್ ಹೆಚ್ಚು, ಹಾಗಾಗಿ ಅಗುಳು ಒಡೆಯದೆ ನಿಲ್ಲುತ್ತದೆ. ಇಟಲಿಯ ಬಾಣಸಿಗರಲ್ಲಿ ಬಹುಪಾಲು ಜನ ಇಷ್ಟಪಡುವುದು ಇದನ್ನೇ. ವೆರೋನಾ ಕಡೆಯವರಿಗೆ ಮಾತ್ರ 1937ರ ವಿಯಾಲೋನೆ ನಾನೋ ಆಗಬೇಕು. ಅದು ಗುಂಡಗಿನ ಚಿಕ್ಕ ಕಾಳು. ಮೊದಲ ಸಲ ಮಾಡುವವರಿಗೆ ಕಾರ್ನರೋಲಿ ಸಿಕ್ಕರೆ ಅದನ್ನೇ ಕೊಳ್ಳಿ ಎನ್ನುತ್ತೇನೆ, ಕೈ ತಪ್ಪಿದರೂ ಅದು ಕ್ಷಮಿಸುತ್ತದೆ. ಪೊಟ್ಟಣದ ಮೇಲೆ 'ಕ್ಲಾಸಿಕೊ' ಎಂಬ ಮಾತಿದೆಯೇ ಎಂದೂ ನೋಡಿ. ಇಟಲಿಯ ಕಾನೂನಿನಂತೆ ಅರ್ಬೋರಿಯೊ, ಕಾರ್ನರೋಲಿ ಎಂಬ ಹೆಸರಿನಲ್ಲಿ ಅವುಗಳನ್ನು ಹೋಲುವ ಬೇರೆ ತಳಿಗಳನ್ನೂ ಮಾರಬಹುದು. ಕ್ಲಾಸಿಕೊ ಎಂದಿದ್ದರೆ ಮಾತ್ರ ಒಳಗಿರುವುದು ಮೂಲ ತಳಿ.

ಇನ್ನು ನಮ್ಮ ಅಕ್ಕಿ. ಬಾಸ್ಮತಿ ಈ ಕೆಲಸಕ್ಕೆ ಒಗ್ಗುವುದಿಲ್ಲ, ಬಿಡಿಬಿಡಿಯಾಗಿ ಅರಳುವುದೇ ಅದರ ಗುಣ. ಕುಚ್ಚಲಕ್ಕಿ, ಇಡ್ಲಿ ಅಕ್ಕಿಯೂ ಆಗದು. ಭತ್ತವನ್ನು ಮೊದಲೇ ಬೇಯಿಸಿ ಒಣಗಿಸಿರುವುದರಿಂದ ಪಿಷ್ಟ ಒಳಗೇ ಬಿಗಿದುಕೊಂಡಿರುತ್ತದೆ, ಹೊರಗೆ ಬರುವುದಿಲ್ಲ. ಸೋನಾ ಮಸೂರಿಯಂಥ ಬೆಳ್ತಿಗೆ ಅಕ್ಕಿಯಲ್ಲಿ, ಅದರಲ್ಲೂ ಹೊಸ ಅಕ್ಕಿಯಲ್ಲಿ, ಮಾಡಿದರೆ ಮಂದವಾದ ರುಚಿಯಾದ ಅಣಬೆ ಅನ್ನ ಖಂಡಿತ ಆಗುತ್ತದೆ. ಹೊಸಕ್ಕಿಯ ಅನ್ನ ಅಂಟುತ್ತದೆ ಎಂದು ನಮ್ಮ ಮನೆಗಳಲ್ಲಿ ದೂರುವುದುಂಟು, ಇಲ್ಲಿ ಆ ಅಂಟೇ ವರ. ಆದರೆ ಹೊರಗೆ ನುಣುಪು, ನಡುವೆ ಹಲ್ಲಿಗೆ ಸಿಗುವ ಬಿಗಿ, ಈ ಎರಡೂ ಒಂದೇ ಅಗುಳಿನಲ್ಲಿ ಸಿಗುವುದು ಇಟಲಿಯ ದಪ್ಪ ಕಾಳಿನಲ್ಲಿ ಮಾತ್ರ. ಸೋನಾ ಮಸೂರಿಯ ಸಣ್ಣ ಕಾಳು ಅಷ್ಟು ಹೊತ್ತು ತಡೆಯುವುದಿಲ್ಲ.

"ಅಕ್ಕಿಯನ್ನು ಚೆನ್ನಾಗಿ ತೊಳೆಯಬೇಕು"

ಕನ್ನಡದ ಅಡುಗೆಮನೆಯಲ್ಲಿ ಬೆಳೆದ ಕೈಗೆ ಇದೊಂದನ್ನು ಬಿಡುವುದು ಬಹಳ ಕಷ್ಟ. ಅಕ್ಕಿ ಅಂದರೆ ಎರಡು ಮೂರು ನೀರಿನಲ್ಲಿ ತೊಳೆಯಲೇಬೇಕು. ದಿನದ ಅನ್ನಕ್ಕೆ ಅದು ಸರಿಯೇ, ದೂಳು ಹೋಗುತ್ತದೆ, ಅನ್ನ ಬಿಡಿಯಾಗುತ್ತದೆ. ಆದರೆ ರಿಸೊಟ್ಟೊಗೆ ಬೇಕಾದ ಪಿಷ್ಟದ ದೊಡ್ಡ ಪಾಲು ಕಾಳಿನ ಮೈಮೇಲೆ ಪುಡಿಯಾಗಿ ಕೂತಿರುತ್ತದೆ. ತೊಳೆದರೆ ಅದು ಅಕ್ಕಚ್ಚಿನ ಜೊತೆ ಹೋಯಿತೆಂದೇ ಲೆಕ್ಕ.

ಅಮೆರಿಕದ ಅಡುಗೆ ಬರಹಗಾರ ಜೆ. ಕೆಂಜಿ ಲೋಪೆಜ್-ಆಲ್ಟ್ ಇದಕ್ಕೊಂದು ಒಳ್ಳೆಯ ಉಪಾಯ ಕಂಡುಕೊಂಡಿದ್ದಾರೆ. ತಣ್ಣಗಿನ ಸ್ಟಾಕ್‌ನಲ್ಲೇ ಅಕ್ಕಿಯನ್ನು ಕಿವುಚಿ ತೊಳೆದು ಜರಡಿಗೆ ಸುರಿಯುವುದು, ಬೆಳ್ಳಗಾದ ಆ ಸ್ಟಾಕ್ ಅನ್ನು ಚೆಲ್ಲದೆ ಎತ್ತಿಟ್ಟುಕೊಂಡು ಅದರಲ್ಲೇ ಅಕ್ಕಿ ಬೇಯಿಸುವುದು. ಅಂದರೆ ಅಕ್ಕಚ್ಚನ್ನೇ ಅಡುಗೆಗೆ ಬಳಸುವುದು. ಅಕ್ಕಿಯನ್ನು ಬೆಣ್ಣೆಯಲ್ಲಿ ಹೆಚ್ಚು ಹೊತ್ತು ಹುರಿದರೆ ಘಮ ಬರುತ್ತದೆ, ಆದರೆ ಒಣ ಶಾಖಕ್ಕೆ ಮೇಲ್ಮೈಯ ಪಿಷ್ಟ ತನ್ನ ಮಂದಗೊಳಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಪಿಷ್ಟವನ್ನು ಮೊದಲೇ ಬೇರೆ ಮಾಡಿಟ್ಟರೆ ಘಮವೂ ಉಂಟು, ನುಣುಪೂ ಉಂಟು. ತೊಳೆಯದೆ ಅಡುಗೆ ಮಾಡಲು ಮನಸ್ಸು ಒಪ್ಪದವರಿಗೆ ಇದು ಹೇಳಿ ಮಾಡಿಸಿದ ದಾರಿ.

"ಒಂದು ಕ್ಷಣವೂ ಬಿಡದೆ ತಿರುವುತ್ತಲೇ ಇರಬೇಕು"

ರಿಸೊಟ್ಟೊಗೆ ಕಷ್ಟದ ಅಡುಗೆ ಎಂಬ ಹೆಸರು ಬಂದಿದ್ದೇ ಇದರಿಂದ. ಒಲೆ ಬಿಟ್ಟು ಕದಲುವಂತಿಲ್ಲ, ಸೌಟು ಕೆಳಗಿಡುವಂತಿಲ್ಲ, ಸ್ಟಾಕ್ ಅನ್ನು ಒಂದೊಂದೇ ಸೌಟು ಹಾಕಬೇಕು, ಅದೂ ಕುದಿಯುತ್ತಿರಬೇಕು. ಸೌಟಿನ ತಿಕ್ಕಾಟಕ್ಕೆ ಕಾಳಿನ ಪಿಷ್ಟ ಕಳಚುವುದು ನಿಜ. ಆದರೆ ಬಿಡದೆ ತಿರುವುವುದೇ ಏಕೈಕ ದಾರಿ ಎಂಬುದು ಸುಳ್ಳು. ಇದಕ್ಕೆ ಸಾಕ್ಷಿ ಹುಡುಕಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ, ಇಟಲಿಯ ಭತ್ತದ ಸೀಮೆಯೇ ಸಾಕು.

ವೆರೋನಾ ಬಳಿಯ ಇಸೋಲಾ ದೆಲ್ಲಾ ಸ್ಕಾಲಾ ಎಂಬ ಊರು ವಿಯಾಲೋನೆ ನಾನೋ ಅಕ್ಕಿಗೆ ಹೆಸರುವಾಸಿ. ಆ ಊರಿನ ಹೆಸರನ್ನೇ ಹೊತ್ತ ರಿಸೊಟ್ಟೊದಲ್ಲಿ ಕುದಿಯುವ ಸ್ಟಾಕ್‌ಗೆ ಅಕ್ಕಿಯನ್ನೆಲ್ಲ ಒಮ್ಮೆಲೇ ಸುರಿದು, ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ಸುಮಾರು 20 ನಿಮಿಷ ಬಿಟ್ಟುಬಿಡುತ್ತಾರೆ. ತಿರುವುವುದಿಲ್ಲ. ಬೆಂದ ಮೇಲೆ ಮಾಂಸ, ಬೆಣ್ಣೆ, ಚೀಸ್ ಬೆರೆಸುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಮಾಂತೋವಾದಲ್ಲಿ ಭತ್ತ ಕುಟ್ಟುವ ಕೆಲಸಗಾರರ ಅಡುಗೆಯೊಂದಿದೆ, ರೀಜೊ ಅಲ್ಲಾ ಪಿಲೋತಾ. ಕುದಿಯುವ ನೀರಿನ ನಡುವೆ ಅಕ್ಕಿಯನ್ನು ಗೋಪುರದಂತೆ ಸುರಿಯಬೇಕು, ತುದಿ ಮಾತ್ರ ನೀರಿನಿಂದ ಮೇಲೆ ಕಾಣಬೇಕು, ನೀರಿನ ಅಳತೆ ಅದೇ. ಹತ್ತು ಹನ್ನೆರಡು ನಿಮಿಷ ಕುದಿಸಿ, ಉರಿ ಆರಿಸಿ, ಬಟ್ಟೆ ಸುತ್ತಿ ಮುಚ್ಚಿಟ್ಟರೆ ಉಳಿದದ್ದು ಆವಿಯಲ್ಲೇ ಬೇಯುತ್ತದೆ. ಅದು ಮಂದವಾಗಿ ಹರಿಯುವ ಬಗೆಯಲ್ಲ, ಬಿಡಿಬಿಡಿಯಾದ ಅನ್ನ. ಆದರೂ ಅಕ್ಕಿ ಬೆಳೆಯುವ ಜನರೇ ಅಕ್ಕಿಯನ್ನು ಅದರ ಪಾಡಿಗೆ ಬಿಡಬಲ್ಲರು ಎಂಬುದು ತಿಳಿಯುತ್ತದೆ.

ಹೆಚ್ಚು ತಿರುವುವುದರಿಂದ ತೊಂದರೆಯೂ ಉಂಟು. ಅಗುಳು ಒಡೆದು ನುಚ್ಚಾಗುತ್ತದೆ, ಆಗ ಸಿಗುವುದು ನುಣುಪಲ್ಲ, ಗೋಂದಿನಂಥ ಜಿಗುಟು. ಮನೆಯಲ್ಲಿ ನಾಲ್ಕು ಜನರಿಗೆ ಮಾಡುವಾಗ ನಾನು ಅನುಸರಿಸುವ ಕ್ರಮ ಹೀಗಿದೆ. ಅಕ್ಕಿ 320 ಗ್ರಾಂ, ಸ್ಟಾಕ್ ಒಂದೂಕಾಲು ಲೀಟರ್, ಸಣ್ಣಗೆ ಹೆಚ್ಚಿದ ಒಂದು ಚಿಕ್ಕ ಈರುಳ್ಳಿ, ಅಣಬೆ 400 ಗ್ರಾಂ, ಬೆಣ್ಣೆ 50 ಗ್ರಾಂ, ತುರಿದ ಚೀಸ್ 60 ಗ್ರಾಂ. ಎತ್ತರದ ಪಾತ್ರೆ ಬೇಡ, ಅಗಲವಾದ ದಪ್ಪ ತಳದ ಬಾಣಲೆ ಬೇಕು, ಅದರಲ್ಲಿ ಅಕ್ಕಿ ತೆಳ್ಳಗೆ ಹರಡಿ ಒಂದೇ ಹದಕ್ಕೆ ಬೇಯುತ್ತದೆ. ಈರುಳ್ಳಿ ಕೆಂಪಾಗದೆ ಮೆತ್ತಗಾದ ಮೇಲೆ ಅಕ್ಕಿ ಹಾಕಿ, ಕೈ ಇಟ್ಟರೆ ಬಿಸಿ ತಾಕುವಷ್ಟು ಹುರಿದು, ಸ್ಟಾಕ್‌ನ ಮುಕ್ಕಾಲು ಪಾಲು ಒಮ್ಮೆಲೇ ಸುರಿಯುವುದು. ಸಣ್ಣಗೆ ಕುದಿಯಲು ಬಿಟ್ಟು, ತಳ ಹಿಡಿಯದಂತೆ ಎರಡು ಮೂರು ನಿಮಿಷಕ್ಕೊಮ್ಮೆ ಸೌಟಾಡಿಸುವುದು. 13ನೇ ನಿಮಿಷದ ಹೊತ್ತಿಗೆ ಪಕ್ಕ ಬಿಡದೆ ನಿಂತು, ಉಳಿದ ಸ್ಟಾಕ್ ಅನ್ನು ಬೇಕಾದಷ್ಟು ಸೇರಿಸುತ್ತಾ ತಿರುವುವುದು. ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ತಟ್ಟೆಯ ಮೇಲಿಟ್ಟು ಬೆರಳಿನಿಂದ ಹಿಸುಕಿ ನೋಡಿ. ನಡುವೆ ಗಟ್ಟಿ ಬಿಳಿ ಕಡ್ಡಿ ಕಂಡರೆ ಇನ್ನೂ ಹಸಿ, ಸೂಜಿಮೊನೆಯಷ್ಟು ಚುಕ್ಕೆ ಉಳಿದಿದ್ದರೆ ಒಲೆಯಿಂದ ಇಳಿಸುವ ಹೊತ್ತು. ಕಾರ್ನರೋಲಿಗೆ ಒಟ್ಟು 16ರಿಂದ 18 ನಿಮಿಷ.

ಸ್ಟಾಕ್ ಕುದಿಯುತ್ತಿರಬೇಕೆಂಬ ನಿಯಮದಲ್ಲೂ ಮಂತ್ರವೇನಿಲ್ಲ. ತಣ್ಣಗಿನದನ್ನು ಹಾಕಿದರೆ ಕುದಿ ನಿಂತು ಸಮಯ ಹಿಡಿಯುತ್ತದೆ, ಅಷ್ಟೇ. ಬಿಸಿ ಇದ್ದರೆ ಅನುಕೂಲ.

ಕುಕ್ಕರಿನಲ್ಲಿ ಮಾಡುವುದು ಅಪಚಾರ ಎನ್ನುವವರಿದ್ದಾರೆ. ಇಟಲಿಯ ಎಷ್ಟೋ ಮನೆಗಳಲ್ಲಿ ಕುಕ್ಕರ್ ರಿಸೊಟ್ಟೊ ವಾರದ ನಡುವಿನ ಮಾಮೂಲಿ ಅಡುಗೆ. ಒಂದು ಲೋಟ ಅಕ್ಕಿಗೆ ಎರಡೂಕಾಲು ಲೋಟ ಸ್ಟಾಕ್, ಒಂದು ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ 5 ನಿಮಿಷ. ಆವಿ ತಾನಾಗಿ ಇಳಿಯಲಿ ಎಂದು ಕಾದರೆ ಅಕ್ಕಿ ಒಳಗೇ ಬೆಂದು ಮುದ್ದೆಯಾಗುತ್ತದೆ, ಆದ್ದರಿಂದ ನಲ್ಲಿಯ ಕೆಳಗೆ ಹಿಡಿದು ಒತ್ತಡ ಪೂರ್ತಿ ಇಳಿಸಿಯೇ ಮುಚ್ಚಳ ತೆಗೆಯಬೇಕು. ಮಾಂತೆಕಾತೂರಾ ಮಾತ್ರ ಇಲ್ಲೂ ತಪ್ಪಿಸುವಂತಿಲ್ಲ.

"ಅಣಬೆಗೆ ನೀರು ತಾಕಿಸಬಾರದು"

ಅಣಬೆ ಸ್ಪಂಜಿನಂತೆ ನೀರು ಹೀರುತ್ತದೆ, ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಬೇಕು ಎನ್ನುವ ಮಾತು ಅಡುಗೆ ಪುಸ್ತಕಗಳಲ್ಲೇ ಬೇರುಬಿಟ್ಟಿದೆ. ಅಡುಗೆ ವಿಜ್ಞಾನದ ಬರಹಗಾರ ಹೆರಾಲ್ಡ್ ಮೆಗೀ 1990ರಲ್ಲಿ ಬಂದ 'ದಿ ಕ್ಯೂರಿಯಸ್ ಕುಕ್' ಪುಸ್ತಕಕ್ಕಾಗಿ ಅಣಬೆಗಳನ್ನು ತೂಗಿ, ಐದು ನಿಮಿಷ ನೀರಿನಲ್ಲಿ ನೆನೆಸಿ, ಮತ್ತೆ ತೂಗಿದರು. ಹೆಚ್ಚಾಗಿದ್ದು ಗಮನಕ್ಕೆ ಬಾರದಷ್ಟು. ಅಣಬೆಯ ತೂಕದಲ್ಲಿ ಹತ್ತಿರಹತ್ತಿರ ಶೇ. 90 ನೀರೇ ಇರುವಾಗ ಇನ್ನೊಂದು ಹನಿ ಯಾವ ಲೆಕ್ಕ? ಬಟನ್ ಅಣಬೆಯನ್ನು ಬೆಳೆಸುವ ಮಿಶ್ರಗೊಬ್ಬರದ ಚೂರು ಅಂಟಿಕೊಂಡಿದ್ದರೆ ಧೈರ್ಯವಾಗಿ ನಲ್ಲಿ ನೀರಿನಲ್ಲಿ ತೊಳೆಯಿರಿ. ಬೇಯಿಸುವ ಹೊತ್ತಿಗೆ ತೊಳೆಯಬೇಕು, ತೊಳೆದು ಫ್ರಿಜ್‌ನಲ್ಲಿಟ್ಟರೆ ಲೋಳೆಯಾಗುತ್ತದೆ. ಜಾಗ್ರತೆ ಬೇಕಿರುವುದು ಅಷ್ಟಕ್ಕೆ ಮಾತ್ರ.

ಅಣಬೆ ಅತಿಯಾಗಿ ಬೆಂದು ರಬ್ಬರ್ ಆಗುತ್ತದೆ ಎಂಬ ಹೆದರಿಕೆಯೂ ಬೇಡ. ಅಣಬೆ ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಶಿಲೀಂಧ್ರಗಳದ್ದು ಬೇರೆಯದೇ ಸಾಮ್ರಾಜ್ಯ. ಅದರ ಜೀವಕೋಶಗಳ ಗೋಡೆಯಲ್ಲಿರುವುದು ಕೈಟಿನ್, ಏಡಿ ಮತ್ತು ಕೀಟಗಳ ಚಿಪ್ಪಿನಲ್ಲಿರುವ ವಸ್ತು. ಅಡುಗೆಯ ಶಾಖಕ್ಕೆ ಅದು ಸುಲಭಕ್ಕೆ ಕರಗುವುದಿಲ್ಲ. ಸೊಪ್ಪಿನಂತೆ ಕುಸಿಯುವುದೂ ಇಲ್ಲ, ಮಾಂಸದಂತೆ ಬಿಗಿಯುವುದೂ ಇಲ್ಲ. ನಿಜವಾದ ತೊಂದರೆ ಕಡಿಮೆ ಬೇಯಿಸುವುದರಲ್ಲಿದೆ. ನಮ್ಮಲ್ಲಿ ಸಾಮಾನ್ಯವಾಗಿ ಅಣಬೆ ನೀರು ಬಿಡುತ್ತಿದ್ದಂತೆ ಅಕ್ಕಿಯನ್ನೂ ಸೇರಿಸಿಬಿಡುತ್ತಾರೆ. ಆಗ ಅದು ಬರೀ ಬೆಂದ ಅಣಬೆ, ಬಣ್ಣವಿಲ್ಲ, ಗಂಧವಿಲ್ಲ.

ಅಣಬೆಯನ್ನು ಬೇರೆ ಬಾಣಲೆಯಲ್ಲಿ, ದೊಡ್ಡ ಉರಿಯಲ್ಲಿ ಹುರಿಯಿರಿ, ಕಿವಿಗೊಟ್ಟು ಕೇಳಿ. ಎಣ್ಣೆಗೆ ಬಿದ್ದ ಕೂಡಲೇ ಚುರ್ ಎನ್ನುತ್ತದೆ. ಎರಡು ನಿಮಿಷಕ್ಕೆ ನೀರು ಬಿಟ್ಟು ಸದ್ದು ಕೊತಕೊತ ಕುದಿಯುವಂತೆ ಬದಲಾಗುತ್ತದೆ. ಇಲ್ಲಿ ಅವಸರಪಡಬಾರದು. ಆ ನೀರೆಲ್ಲ ಆರಿ ಮತ್ತೆ ಚುರುಗುಟ್ಟಲು ಶುರುವಾದಾಗಲೇ ಅಣಬೆ ಹುರಿಯತೊಡಗುವುದು. ಆಗ ಅರ್ಧ ಚಮಚ ಬೆಣ್ಣೆ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಉಪ್ಪು. ಅಂಚು ಕಂದುಬಣ್ಣಕ್ಕೆ ಬರುವವರೆಗೆ ಬಿಡಿ. ಬಾಣಲೆ ತುಂಬಿ ಹೋಗಿದ್ದರೂ ನಷ್ಟವಿಲ್ಲ, ನೀರು ಆರಲು ಇನ್ನಷ್ಟು ಹೊತ್ತು ಬೇಕು, ಅಷ್ಟೇ. 400 ಗ್ರಾಂ ಅಣಬೆ ಕೊನೆಗೆ ಒಂದು ಬಟ್ಟಲಿಗೆ ಇಳಿಯುತ್ತದೆ. ಅದರಲ್ಲಿ ಅರ್ಧವನ್ನು ಅಕ್ಕಿ ಬೇಯುವಾಗ ನಡುವಿನಲ್ಲಿ ಸೇರಿಸಿ, ಉಳಿದರ್ಧವನ್ನು ಕೊನೆಗೆ ಮೇಲೆ ಹರಡಿದರೆ ರುಚಿ ಅನ್ನದೊಳಗೂ ಇಳಿಯುತ್ತದೆ, ಹುರಿದ ಗರಿಗರಿಯೂ ಉಳಿಯುತ್ತದೆ.

ಪೋರ್ಚಿನಿ ಎಂಬ ಕಾಡಿನ ಅಣಬೆ ಇಲ್ಲದೆ ಅಣಬೆ ರಿಸೊಟ್ಟೊ ಇಲ್ಲ ಎಂಬ ಮಾತೂ ಇದೆ. ಪೋರ್ಚಿನಿಯ ಪರಿಮಳಕ್ಕೆ ಸಾಟಿಯಿಲ್ಲ, ಒಪ್ಪಿದೆ. ಪಾರ್ಮಾ ಸೀಮೆಯ ಬೋರ್ಗೊತಾರೊ ಕಣಿವೆಯ ಅಣಬೆಗಂತೂ ಯುರೋಪಿನ ಭೌಗೋಳಿಕ ಗುರುತೇ ಇದೆ. ಆದರೆ ರುಚಿಯ ತಳಹದಿ ಬೇರೆಲ್ಲೂ ಸಿಗದ ಗುಟ್ಟಲ್ಲ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಗುರುತಿಸಿದ ಗ್ಲುಟಮೇಟ್ ಅಣಬೆಯಲ್ಲೂ ಹಳೆಯ ಚೀಸ್‌ನಲ್ಲೂ ತುಂಬಿದೆ. ಒಣಗಿದ ಶಿಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್ ಅದರ ಜೊತೆ ಸೇರಿದರೆ ರುಚಿ ಕೂಡಿಕೆಯಾಗಿ ಅಲ್ಲ, ಗುಣಾಕಾರವಾಗಿ ಏರುತ್ತದೆ. ಆದ್ದರಿಂದ 10 ಗ್ರಾಂ ಒಣ ಶಿಟಾಕೆ ಅಥವಾ ಒಣ ಪೋರ್ಚಿನಿಯನ್ನು ಅರ್ಧ ಗಂಟೆ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಆ ಕಂದು ನೀರನ್ನು ಬಟ್ಟೆಯಲ್ಲಿ ಸೋಸಿ ಸ್ಟಾಕ್‌ಗೆ ಸೇರಿಸಿದರೆ ಅಂಗಡಿಯ ಬಟನ್ ಅಣಬೆಯೂ ಬೇರೆಯೇ ಆಗಿಬಿಡುತ್ತದೆ. ತಳದಲ್ಲಿ ಮರಳು ಕೂತಿರುತ್ತದೆ, ಪೂರ್ತಿ ಬಗ್ಗಿಸಬೇಡಿ. ಆಯ್ಸ್ಟರ್ ಅಣಬೆಯೂ ಚೆನ್ನಾಗಿ ಒಗ್ಗುತ್ತದೆ. ಭತ್ತದ ಹುಲ್ಲಿನ ಮೇಲೆ ನಮ್ಮ ಹವೆಯಲ್ಲೇ ಬೆಳೆಯುವ ಅಣಬೆ ಅದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದಕ್ಕೆ ಬೀಜವನ್ನೂ ತರಬೇತಿಯನ್ನೂ ಕೊಡುತ್ತದೆ. ಭತ್ತದ ಹುಲ್ಲಿನಲ್ಲಿ ಬೆಳೆದದ್ದು ಅಕ್ಕಿಯ ಜೊತೆಗೇ ಬಾಣಲೆಗೆ ಬೀಳುವುದು ನನಗೆ ಬಹಳ ಹಿಡಿಸಿದ ಸಂಗತಿ.

"ಬೆಳ್ಳಿ ಚಮಚ ಕಪ್ಪಾಗದಿದ್ದರೆ ಅಣಬೆ ತಿನ್ನಬಹುದು"

ಇದು ರುಚಿಯ ಮಾತಲ್ಲ, ಜೀವದ ಮಾತು. ಮಳೆಗಾಲದಲ್ಲಿ ಮಲೆನಾಡು, ಕೊಡಗು, ಕರಾವಳಿಯ ಜನ ಹುತ್ತದ ಅಣಬೆ, ಕಲ್ಲಣಬೆ ಆಯ್ದು ತಂದು ಸಾರು ಪಲ್ಯ ಮಾಡುತ್ತಾರೆ. ಗುರುತಿನ ಜ್ಞಾನ ತಲೆಮಾರುಗಳಿಂದ ಬಂದಿರುವ ಮನೆಗಳ ವಿಷಯ ಬೇರೆ. ಆದರೆ ರಿಸೊಟ್ಟೊಗೆ ಕಾಡಿನ ಅಣಬೆಯೇ ಶ್ರೇಷ್ಠ ಎಂದು ಓದಿ, ತೋಟದಲ್ಲಿ ಕಂಡದ್ದನ್ನು ಕಿತ್ತು ತಂದು, ಬೆಳ್ಳಿ ಚಮಚ, ಬೆಳ್ಳುಳ್ಳಿ, ಅರಿಸಿನದ ಪರೀಕ್ಷೆ ಮಾಡುವುದು ಅಪಾಯ. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶಕ್ಕೆ, ವಿಷಕ್ಕಲ್ಲ. ಹುಳು ತಿಂದಿದೆ, ಹಾಗಾಗಿ ನಾವೂ ತಿನ್ನಬಹುದು ಎಂಬುದೂ ಸುಳ್ಳು. ಅಮನಿಟಾ ಕುಲದ ಕೆಲವು ಅಣಬೆಗಳಲ್ಲಿರುವ ಅಮಟಾಕ್ಸಿನ್ ಎಷ್ಟು ಕುದಿಸಿದರೂ, ಒಣಗಿಸಿದರೂ ಹೋಗುವುದಿಲ್ಲ. ವಾಂತಿ ಭೇದಿ ಶುರುವಾಗುವುದೇ ಆರು ಗಂಟೆ ಕಳೆದ ಮೇಲೆ, ಅಷ್ಟರಲ್ಲಿ ವಿಷ ಯಕೃತ್ತಿಗೆ ತಲುಪಿರುತ್ತದೆ.

ಅಣಬೆ ಆಯುವುದು ರಕ್ತದಲ್ಲೇ ಬಂದಿರುವ ಇಟಲಿಯಲ್ಲೂ 1993ರ ಕಾನೂನು ಆಯುವವರಿಗೆ ದಿನಕ್ಕೆ ತಲಾ 3 ಕೆ.ಜಿ.ಯ ಮಿತಿ ಹಾಕಿದೆ. ಅಲ್ಲಿನ ಸರ್ಕಾರಿ ಆರೋಗ್ಯ ಕಚೇರಿಗಳಲ್ಲಿ ಅಣಬೆ ತಜ್ಞರಿದ್ದು, ಬುಟ್ಟಿ ತಂದು ತೋರಿಸಿದರೆ ಪರೀಕ್ಷಿಸಿ ಹೇಳುತ್ತಾರೆ. ಗುರುತು ಬಲ್ಲವರು ಪಕ್ಕದಲ್ಲಿಲ್ಲದಿದ್ದರೆ ಅಂಗಡಿಯದ್ದೇ ಸಾಕು.

"ಅಣಬೆ ರಿಸೊಟ್ಟೊ ಪೂರ್ತಿ ಸಸ್ಯಾಹಾರ"

ಮೆನುವಿನ ಹಸಿರು ಚುಕ್ಕೆ ನೋಡಿ ನಂಬುವವರು ಇದನ್ನು ತಿಳಿದಿರಬೇಕು. ನಿಜವಾದ ಪಾರ್ಮಿಜಾನೊ ರೆಜ್ಜಾನೊ ಚೀಸ್‌ನಲ್ಲಿ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಅದೇ ಆಗಬೇಕೆಂದು ಆ ಚೀಸ್‌ನ ನಿಯಮಾವಳಿಯೇ ಹೇಳುತ್ತದೆ. ಗ್ರಾನಾ ಪದಾನೊ ಕೂಡ ಹಾಗೆಯೇ, ಅದರಲ್ಲಿ ಮೊಟ್ಟೆಯ ಬಿಳಿಯಿಂದ ತೆಗೆದ ಲೈಸೊಜೈಮ್ ಕೂಡ ಇರಬಹುದು. ಮನೆಯಲ್ಲಿ ಮಾಡುವವರಿಗೆ ದಾರಿ ಸುಲಭ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಬಳಸಿದ ಗಟ್ಟಿ ಚೀಸ್‌ಗಳು ಇಲ್ಲೂ ಸಿಗುತ್ತವೆ, ಲೇಬಲ್ ಓದಿ ಕೊಳ್ಳಬಹುದು. ಹೊರಗೆ ತಿನ್ನುವಾಗ ಸ್ಟಾಕ್ ಕೋಳಿಯದೋ ತರಕಾರಿಯದೋ ಎಂದೂ ಕೇಳಿ. ಇಟಲಿಯಲ್ಲಿ ಅಣಬೆ ರಿಸೊಟ್ಟೊಗೆ ಮಾಂಸದ ಸ್ಟಾಕ್ ಹಾಕುವುದು ಮಾಮೂಲು. ಕೇಳಲು ಸಂಕೋಚಪಡಬೇಕಿಲ್ಲ. ಏನು ತಿನ್ನುತ್ತಿದ್ದೇವೆಂದು ತಿಳಿಯುವುದು ಉಣ್ಣುವವರ ಹಕ್ಕು.

ರಿಸೊಟ್ಟೊಗೆ ಸಾಮಾನ್ಯವಾಗಿ ಹಾಕುವ ವೈನಿನ ವಿಷಯವೂ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಕುದಿಸಿದ ಕೂಡಲೇ ಮದ್ಯಸಾರವೆಲ್ಲ ಹಾರಿಹೋಗುತ್ತದೆ ಎನ್ನುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಅಡುಗೆಗೆ ಬೆರೆಸಿ 15 ನಿಮಿಷ ಬೇಯಿಸಿದರೂ ಸುಮಾರು ಶೇ. 40 ಉಳಿಯುತ್ತದೆ, ಅರ್ಧ ಗಂಟೆಗೆ ಶೇ. 35. ರಿಸೊಟ್ಟೊದಲ್ಲಿ ಅಗಲ ಬಾಣಲೆಯಲ್ಲಿ ವೈನನ್ನು ಮೊದಲೇ ಆರಿಸುವುದರಿಂದ ಇನ್ನೂ ಕಡಿಮೆ ಇದ್ದೀತು, ಆದರೆ ಸೊನ್ನೆ ಎನ್ನಲಾಗದು. ಮದ್ಯ ಒಲ್ಲದವರು ಅದನ್ನು ಬಿಟ್ಟುಬಿಡಲಿ. ವೈನ್ ಕೊಡುವುದು ಮುಖ್ಯವಾಗಿ ಹುಳಿ. ಕೊನೆಯಲ್ಲಿ ಒಂದು ಚಮಚ ನಿಂಬೆರಸ ಹಿಂಡಿದರೆ ಬೆಣ್ಣೆ ಚೀಸ್‌ಗಳ ಭಾರ ಇಳಿಯುತ್ತದೆ.

"ತಟ್ಟೆಯಲ್ಲಿ ಗುಡ್ಡೆಯಾಗಿ ನಿಂತರೆ ಹದ ಸರಿ"

ಫೋಟೊಗಳಲ್ಲಿ ಹಾಗೆ ಕಾಣುತ್ತದೆ, ಬಟ್ಟಲಿನಲ್ಲಿ ಅಚ್ಚು ಹಾಕಿ ಬೋರಲು ಹಾಕಿರುತ್ತಾರೆ. ಮಿಲಾನಿನಲ್ಲಾಗಲಿ ವೆನಿಸ್‌ನಲ್ಲಾಗಲಿ ಒಳ್ಳೆಯ ರಿಸೊಟ್ಟೊವನ್ನು ಚಪ್ಪಟೆ ತಟ್ಟೆಗೆ ಬಡಿಸಿ, ತಟ್ಟೆಯ ತಳವನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದರೆ ಅದು ಅಲೆಯಂತೆ ಅಂಚಿನವರೆಗೆ ಹರಡಿಕೊಳ್ಳಬೇಕು. ಆಗಷ್ಟೇ ಇಳಿಸಿದ ಬಿಸಿಬೇಳೆ ಬಾತ್ ಎಲೆಯ ಮೇಲೆ ಹರಡುವ ಹದವನ್ನು ನೆನೆಸಿಕೊಳ್ಳಿ. ಅದರಂತೆಯೇ ಇದೂ ಆರುತ್ತಾ ಗಟ್ಟಿಯಾಗುತ್ತದೆ. ಆದ್ದರಿಂದ ಬಾಣಲೆಯಲ್ಲಿ ಸ್ವಲ್ಪ ನೀರಾಯಿತೇನೋ ಎನ್ನಿಸುವಾಗಲೇ ಬೆಣ್ಣೆ ಹಾಕಬೇಕು. ಗಟ್ಟಿಯಾಗಿಬಿಟ್ಟರೆ ಅರ್ಧ ಸೌಟು ಬಿಸಿ ಸ್ಟಾಕ್ ಸೇರಿಸಿ ತಿರುವಿದರೆ ಸಡಿಲವಾಗುತ್ತದೆ.

ಮುಂಚಿತವಾಗಿ ಮಾಡಿಡಲು ಆಗುವುದೇ ಇಲ್ಲ ಎಂಬುದೂ ಅರ್ಧ ಸತ್ಯ. ಹೋಟೆಲುಗಳಲ್ಲಿ ಆರ್ಡರ್ ಬಂದ ಮೇಲೆ ಶುರುಮಾಡಿ 18 ನಿಮಿಷ ಕಾಯಿಸುವುದು ಕಡಿಮೆ. ಮುಕ್ಕಾಲು ಬೆಂದ ಅಕ್ಕಿಯನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ಫ್ರಿಜ್‌ನಲ್ಲಿಟ್ಟು, ಬೇಕಾದಾಗ ಬಿಸಿ ಸ್ಟಾಕ್‌ನಲ್ಲಿ ನಾಲ್ಕೈದು ನಿಮಿಷ ಬೇಯಿಸಿ ಮುಗಿಸುತ್ತಾರೆ. ನೆಂಟರು ಬರುವ ದಿನ ಮನೆಯಲ್ಲೂ ಇದೇ ಕ್ರಮ ಅನುಸರಿಸಬಹುದು, ಎಲ್ಲರೂ ಮಾತಿಗೆ ಕೂತಿರುವಾಗ ಅಡುಗೆ ಮಾಡುವವರು ಒಬ್ಬರೇ ಒಲೆಯ ಮುಂದೆ ನಿಲ್ಲುವುದು ತಪ್ಪುತ್ತದೆ. ಹೊರಗೆ ಮಾತ್ರ ಬಿಡಬೇಡಿ. ಬೆಂದ ಅನ್ನದಲ್ಲಿ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಕೋಣೆಯ ಶಾಖದಲ್ಲಿ ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ರಾತ್ರಿ ಉಳಿದದ್ದನ್ನು ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿದರೆ ಮರುದಿನ ಮಿಲಾನಿನವರ ರೀಜೊ ಅಲ್ ಸಾಲ್ತೊ ಮಾಡಬಹುದು. ಕಾವಲಿಗೆ ಬೆಣ್ಣೆ ಸವರಿ, ತಣ್ಣಗಿನ ರಿಸೊಟ್ಟೊವನ್ನು ಒಂದು ಬೆರಳು ದಪ್ಪಕ್ಕೆ ಒತ್ತಿ ಹರಡಿ, ಮಧ್ಯಮ ಉರಿಯಲ್ಲಿ ಆರೇಳು ನಿಮಿಷ ಅಲುಗಾಡಿಸದೆ ಬಿಡಿ. ಅಂಚು ಹೊಂಬಣ್ಣಕ್ಕೆ ತಿರುಗಿ ತಾನಾಗಿ ಬಿಟ್ಟುಕೊಂಡಾಗ ಮೇಲೊಂದು ತಟ್ಟೆ ಬೋರಲಿಟ್ಟು ಮಗುಚಿ, ಇನ್ನೊಂದು ಮಗ್ಗುಲನ್ನೂ ಹಾಗೆಯೇ ಕೆಂಪಗೆ ಬೇಯಿಸಿ ಬಿಸಿಬಿಸಿ ಬಡಿಸಿ.